ಶ್ರೀರಾಮಪ್ಪನೂ ದೋಣಿ ಮೋಟಾರೂ

ಹೆದ್ದಾರಿಯಿಂದ ಊರಿಗೆ ತಿರುಗುವ ಜಾಲಗೊಂಡಪಲ್ಲಿ ಗೇಟಿನಲ್ಲಿ ಶ್ರೀರಾಮಪ್ಪನ ಅಂಗಡಿಗೆ ಬೋರ್ಡು ಬರೆದ ಪೇಂಟರಿಗೆ ಕೊನೆಯ ಸಾಲಿನಲ್ಲಿ ಒಂದು ಮೊಳ ಜಾಗ ಉಳಿದುಬಿಟ್ಟಿತು. 'ಮೋಟಾರ್ ರಿಪೇರಿ ಮಾಡಲಾಗುವುದು' ಎಂಬುದರ ಎಡಗಡೆ ತಗಡು ಬೋಳಾಗಿ ಕಾಣುತ್ತದೆ, ಏನಾದರೂ ಹಾಕಲೇ ಎಂದು ಕೇಳಿದ. ಶ್ರೀರಾಮಪ್ಪ ಬೀಡಿಯ ಬೂದಿ ಕೊಡವಿ, "'ಎಲ್ಲಾ ತರಹದ' ಅಂತ ಹಾಕಪ್ಪ" ಅಂದ. ಬೋರ್ಡು ತುಂಬಿತು.

ಹದಿನೆಂಟು ವರ್ಷ ಆ ಮಾತನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ತಾಯಲೂರು ಸುತ್ತಮುತ್ತ ಮೋಟಾರು ಅಂದರೆ ಇರುವುದು ಒಂದೇ ತರಹ. ಸಾವಿರದಿನ್ನೂರು ಅಡಿ ಆಳದ ಬೋರಿನಲ್ಲಿ ಇಳಿಬಿದ್ದು, ಒಂದು ದಿನ ಸುಟ್ಟು, ಮೇಲೆ ಬಂದು, ಶ್ರೀರಾಮಪ್ಪನ ಮುಂದೆ ಕರುಳು ಬಿಚ್ಚಿಸಿಕೊಂಡು ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಮತ್ತೆ ಇಳಿಯುವುದು. ಆ ಕೆಲಸದಲ್ಲಿ ಅವನ ಕೈ ಚೆನ್ನಾಗಿತ್ತು. ಬಾಯಿ ಮಾತ್ರ ಕೈಗಿಂತ ಒಂದು ಹೆಜ್ಜೆ ಮುಂದೆ ಓಡುತ್ತಿತ್ತು.

ಆಮೇಲೆ ಆ ವರ್ಷದ ಮಳೆ ಬಂತು. ಇಪ್ಪತ್ತೆರಡು ವರ್ಷದಿಂದ ಹೆಸರಿಗೆ ಮಾತ್ರ ಕೆರೆಯಾಗಿದ್ದ ಜಾಲಗೊಂಡಪಲ್ಲಿ ಕೆರೆ ಕಾರ್ತಿಕದಲ್ಲಿ ಕೋಡಿ ಹರಿಯಿತು. ಜನ ಗಂಗಮ್ಮನಿಗೆ ಪೂಜೆ ಮಾಡಿದರು, ಕುರಿ ಕಡಿದರು, ಏರಿಯ ಮೇಲೆ ನಿಂತು ಸೆಲ್ಫಿ ತೆಗೆದುಕೊಂಡರು. ಮೂರನೆಯ ದಿನ ಒಂದು ಸಣ್ಣ ಸಂಗತಿ ಎಲ್ಲರ ಗಮನಕ್ಕೆ ಬಂತು. ಆಚೆ ದಡದ ಕೋಡಿದಿನ್ನೆಗೆ ಪಂಚಾಯಿತಿ ಹಾಕಿಸಿದ್ದ ಸಿಮೆಂಟ್ ರಸ್ತೆ ಕೆರೆಯ ಅಂಗಳದ ನಟ್ಟನಡುವೆ ಹಾದುಹೋಗಿತ್ತು. ಕೆರೆ ಮತ್ತೆ ತುಂಬೀತು ಎಂಬ ಅನುಮಾನ ರಸ್ತೆ ಹಾಕಿದ ಯಾರಿಗೂ ಇರಲಿಲ್ಲ. ಒಂದು ಕಿಲೋಮೀಟರಿನ ದಾರಿ ಈಗ ಸುತ್ತಿಕೊಂಡು ಹೋದರೆ ಹನ್ನೊಂದಾಯಿತು. ಕೋಡಿದಿನ್ನೆಯ ನಲವತ್ತು ಮನೆಗೂ ಹಸುವೇ ಆಧಾರ. ಬೆಳಿಗ್ಗೆ ಏಳರೊಳಗೆ ಈಚೆ ದಡದ ಡೈರಿಗೆ ಬೀಳದ ಹಾಲು ವಾಪಸ್ಸು.

ಪಂಚಾಯಿತಿ ಅಧ್ಯಕ್ಷ ಸೊಣ್ಣಪ್ಪ ಎಲ್ಲೆಲ್ಲೋ ಓಡಾಡಿ ಒಂದು ದೋಣಿ ತರಿಸಿದ. ಕರಾವಳಿ ಕಡೆ ಯಾರೋ ಬಳಸಿ ಬಿಟ್ಟ ಫೈಬರ್ ದೋಣಿ. ಹಿಂಬದಿಗೆ ನೇತುಹಾಕುವ ಹಳೆಯ ಪೆಟ್ರೋಲ್ ಮೋಟಾರು, ತಲೆಗೆ ಒಂದು ಪ್ಲಾಸ್ಟಿಕ್ ಟೋಪಿ, ಕೆಳಗೆ ಮೂರು ರೆಕ್ಕೆ. ಅದು ಗೇಟಿನಲ್ಲಿ ಲಾರಿಯಿಂದ ಇಳಿದ ದಿನ ಸೊಣ್ಣಪ್ಪ ತಾನೇ ಅದರ ಹಗ್ಗ ಎಳೆದ. ನಲವತ್ತು ಸಲ ಎಳೆದ ಮೇಲೆ ಮೋಟಾರು ಹಾಗೇ ಇತ್ತು, ಸೊಣ್ಣಪ್ಪನ ಭುಜ ಮಾತ್ರ ಜಾರಿತ್ತು.

ಆಗ ಪಂಚಾಯಿತಿಯ ಪಿಡಿಓ ನಂದೀಶ್ ರಸ್ತೆಯಾಚೆಯ ಬೋರ್ಡು ನೋಡಿದ. "ಅಧ್ಯಕ್ಷರೇ, 'ಎಲ್ಲಾ ತರಹದ' ಅಂತ ಬರೆದಿದ್ದಾರಲ್ಲ!"

"ಏನ್ಲಾ ಶ್ರೀರಾಮ, ದೋಣಿ ಮೋಟಾರು ಗೊತ್ತೇನ್ಲಾ ನಿಂಗೆ?" ಎಂದು ಸೊಣ್ಣಪ್ಪ ಭುಜ ಹಿಡಿದುಕೊಂಡೇ ಕೂಗಿದ.

ಇಲ್ಲ ಎಂದು ಹೇಳಲೆಂದೇ ಶ್ರೀರಾಮಪ್ಪ ಬಾಯಿ ತೆರೆದದ್ದು. ಆದರೆ ಅಲ್ಲಿ ಅರವತ್ತು ಜನ ಸೇರಿದ್ದರು. ಅರವತ್ತರಲ್ಲಿ ಒಬ್ಬಳು ಅವನ ಹೆಂಡತಿ ಕದಿರಮ್ಮ.

"ಗೊತ್ತಾ ಅಂತ ಕೇಳ್ತೀಯಲ್ಲಣ್ಣ! ಮಂಗಳೂರ್ನಾಗೆ ಇದ್ದಾಗ ಇಂಥವು ದಿನಕ್ಕೆ ನಾಕು ಬಿಚ್ತಿದ್ದೆ."

ಜನ ತಿರುಗಿ ಅವನನ್ನು ಹೊಸದಾಗಿ ನೋಡಿದರು. ಕದಿರಮ್ಮ ಪಕ್ಕದವಳ ಕಿವಿಯಲ್ಲಿ, ಆದರೆ ಅರವತ್ತು ಜನಕ್ಕೂ ಕೇಳುವಂತೆ, "ಮಂಗಳೂರಿಗೆ ಎರಡ್ ದಿನ ಮದುವೆಗೆ ಹೋಗಿದ್ದಮ್ಮ. ಅದ್ರಾಗೂ ಒಂದಿನ ಹೊಟ್ಟೆ ಕೆಟ್ಟು ಮಲಗಿದ್ದ" ಅಂದಳು. ಅಷ್ಟರಲ್ಲಿ ನಾಲ್ಕು ಜನ ಮೋಟಾರನ್ನು ಎತ್ತಿಕೊಂಡು ಅಂಗಡಿಗೆ ನಡೆದಾಗಿತ್ತು.

ಶ್ರೀರಾಮಪ್ಪ ಮೋಟಾರಿನ ಟೋಪಿ ಬಿಚ್ಚಿದ. ಒಳಗೆ ಕರೆಂಟಿನ ವೈರು ಬಂದು ಸೇರುವ ಜಾಗ ಹುಡುಕಿದ. ಇರಲಿಲ್ಲ. ಸ್ಟಾರ್ಟರ್ ಇರಲಿಲ್ಲ, ಫ್ಯೂಸ್ ಇರಲಿಲ್ಲ, ಬ್ಯಾಟರಿಯೂ ಇರಲಿಲ್ಲ. ಎಲ್ಲಿಂದಲೂ ಕರೆಂಟು ಬರದ ಮೋಟಾರನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದವರಲ್ಲಿ ಯಾರೋ, "ಇದು ಸಿಂಗಲ್ ಫೇಸಾ, ತ್ರೀ ಫೇಸಾ?" ಎಂದು ಕೇಳಿದರು.

"ನೀರ್ ಫೇಸು," ಅಂದ ಶ್ರೀರಾಮಪ್ಪ ತಲೆಯೆತ್ತದೆ. ಕೇಳಿದವರು ಗೌರವದಿಂದ ಎರಡು ಹೆಜ್ಜೆ ಹಿಂದೆ ಸರಿದರು.

ಮೂರನೆಯ ದಿನ ಮೇಲಿನ ದಪ್ಪ ಚಕ್ರ ಬಿಚ್ಚಿದಾಗ ಅದರ ಒಳಗೋಡೆಗೆ ಅಂಟಿದ್ದ ಅಯಸ್ಕಾಂತ ಅವನ ಸ್ಪ್ಯಾನರನ್ನು ಕಿತ್ತುಕೊಂಡಿತು. ತಾನು ಹಿಂದೆ ಇಟ್ಟುಕೊಂಡಿದ್ದ ಹಳೆಯ ಮೊಪೆಡ್ಡು ನೆನಪಾಯಿತು. ಚಕ್ರ ತಿರುಗಿದರೆ ಅಯಸ್ಕಾಂತ ತಿರುಗುತ್ತದೆ, ಕೆಳಗಿನ ಕಾಯಿಲಿನಲ್ಲಿ ಕರೆಂಟು ಹುಟ್ಟುತ್ತದೆ, ಅದು ಪ್ಲಗ್ಗಿಗೆ ಹೋಗಿ ಕಿಡಿ ಹಾರಿಸುತ್ತದೆ. ಕಾಯಿಲು ಅಂದ ಮೇಲೆ ಅವನಿಗೆ ಜೀವ ಬಂತು. ಮೀಟರು ಹಚ್ಚಿ ನೋಡಿದ. ಕಾಯಿಲು ಸರಿ, ವೈರು ಸರಿ. ಪ್ಲಗ್ ಬಿಚ್ಚಿ, ಉಜ್ಜಿ, ಮೋಟಾರಿನ ಮೈಗೆ ತಾಗಿಸಿ ಹಿಡಿದು ಹಗ್ಗ ಎಳೆದ. ಕಿಡಿ ಇಲ್ಲ. ಎಲ್ಲವೂ ಸರಿಯಾಗಿದ್ದು, ಒಟ್ಟಿಗೆ ಮಾತ್ರ ಸತ್ತಿತ್ತು.

ನಾಲ್ಕನೆಯ ದಿನ ನಂದೀಶ್ ಸ್ಕೂಟರಿನಲ್ಲಿ ಬಂದು, "ಆಯ್ತಾ ಶ್ರೀರಾಮಪ್ಪನೋರೇ?" ಎಂದು ಕೀ ತಿರುಗಿಸಿ ಇಳಿದ. ಕೀಯಿಂದ ಸುರುಳಿಸುರುಳಿಯಾದ ಕೆಂಪು ದಾರ ತೂಗುತ್ತಿತ್ತು. ದಾರದ ತುದಿಗೆ ಒಂದು ಪ್ಲಾಸ್ಟಿಕ್ ಕ್ಲಿಪ್ಪು. ಮೋಟಾರಿನ ಪಕ್ಕದ ಕೆಂಪು ಗುಂಡಿಯ ಹಿಂದೆ ಅದೇ ಅಳತೆಯ ಒಂದು ಖಾಲಿ ಸಂದು ಇರುವುದನ್ನು ಶ್ರೀರಾಮಪ್ಪ ನಾಲ್ಕು ದಿನದಿಂದ ನೋಡುತ್ತಿದ್ದ.

"ಸಾರ್, ಆ ದಾರ ಎಲ್ಲಿದು?"

"ಇದಾ? ದೋಣಿ ಜೊತೆ ಬಂತು. ಚೆನ್ನಾಗಿತ್ತು, ಕೀಗೆ ಹಾಕ್ಕೊಂಡೆ."

ಓಡಿಸುವವನು ದಾರವನ್ನು ಕೈಗೆ ಕಟ್ಟಿಕೊಳ್ಳಬೇಕು. ಅವನು ನೀರಿಗೆ ಬಿದ್ದರೆ ಕ್ಲಿಪ್ಪು ಕಿತ್ತು ಬರುತ್ತದೆ, ಕಿಡಿ ಸಾಯುತ್ತದೆ, ಮೋಟಾರು ನಿಲ್ಲುತ್ತದೆ. ಕ್ಲಿಪ್ಪು ಸಂದಿಗೆ ಕೂತಿತು. ಶ್ರೀರಾಮಪ್ಪ ಹಗ್ಗ ಎಳೆದ. ಮೋಟಾರು ಒಂದು ಸಲ ಸೀನಿ, ಅಂಗಡಿ ತುಂಬ ಬಿಳಿ ಹೊಗೆ ಬಿಟ್ಟು, ಗೇಟಿನ ಕೋಳಿಗಳನ್ನೆಲ್ಲ ಹೆದ್ದಾರಿಗೆ ಓಡಿಸಿತು.

ಓಡಿ ಬಂದ ಜನ ಏನಾಗಿತ್ತು ಎಂದು ಕೇಳಿದಾಗ ನಂದೀಶ್ ನೆಲ ನೋಡುತ್ತಿದ್ದ. ಪಿಡಿಓ ಮರ್ಯಾದೆ ಉಳಿಸಿದಂತೆಯೂ ಆಯಿತು, ತನ್ನದು ಏರಿದಂತೆಯೂ ಆಯಿತು ಎಂದುಕೊಂಡು ಶ್ರೀರಾಮಪ್ಪ, "ಕಾಯಿಲ್ ಒಳಗೆ ಒಂದು ಸೂಕ್ಷ್ಮ ಇತ್ತು. ತೆಗೆದೆ" ಅಂದ. ಅವತ್ತು ಟೀ ಅಂಗಡಿಯವನು ಅವನಿಗೆ ಪೇಪರ್ ಲೋಟ ಬಿಟ್ಟು ಗಾಜಿನ ಲೋಟದಲ್ಲಿ ಟೀ ಕೊಟ್ಟ.

ಮಾರನೆಯ ಬೆಳಿಗ್ಗೆ ಉದ್ಘಾಟನೆ. ಸೊಣ್ಣಪ್ಪ ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿ ಬಂದ. ದೋಣಿ ಮೊದಲು ಕೋಡಿದಿನ್ನೆಗೆ ಹೋಗಿ ಹಾಲು ತುಂಬಿಕೊಂಡು ಬರುವುದು, ಈಚೆ ದಡದಲ್ಲಿ ಫೋಟೋ. ಹೋಗುವಾಗ ಹೂವಿನ ಹಾಗೆ ಹೋಯಿತು. ಬರುವಾಗ ಆರು ಕ್ಯಾನು ಹಾಲು, ಅದರ ಜೊತೆ ಕೋಡಿದಿನ್ನೆಯ ಮುನಿಶಾಮಮ್ಮ. ಅರವತ್ತು ದಾಟಿದ ಹೆಂಗಸು, ಮೂರು ಹಸು ಕಟ್ಟಿದವಳು, ಯಾರ ಕ್ಯಾನಿನಲ್ಲಿ ಎಷ್ಟು ನೀರಿದೆ ಎಂಬುದನ್ನು ಕಣ್ಣಿನಲ್ಲೇ ಹೇಳಬಲ್ಲವಳು. ಕೆರೆಯ ನಟ್ಟನಡುವೆ ಬಂದಾಗ, ಕೆಳಗೆ ಸಿಮೆಂಟ್ ರಸ್ತೆ ಇರುವ ಜಾಗದಲ್ಲೇ, ಮೋಟಾರು ಟಪ್ ಎಂದು ನಿಂತಿತು.

ಕ್ಲಿಪ್ಪು ಇತ್ತು. ಪೆಟ್ರೋಲ್ ಇತ್ತು. ಶ್ರೀರಾಮಪ್ಪ ಎಳೆದ, ಸೊಣ್ಣಪ್ಪ ಒಳ್ಳೆಯ ಭುಜದಿಂದ ಎಳೆದ, ನಂದೀಶ್ ಎಳೆಯಲು ಹೋಗಿ ದೋಣಿ ವಾಲಿ ಎಲ್ಲರೂ ಅವನನ್ನು ಕೂರಿಸಿದರು. ಏರಿಯ ಮೇಲಿನ ಜನ ಸಲಹೆ ಕೂಗಲಾರಂಭಿಸಿದರು. ಅವರೆಲ್ಲರ ಗಂಟಲನ್ನೂ ಸೀಳಿಕೊಂಡು ಕದಿರಮ್ಮನ ತವರಿನ ತೆಲುಗು ನೀರಿನ ಮೇಲೆ ತೇಲಿಬಂತು: "ಏಮಯ್ಯಾ, ಈತ ವಚ್ಚಾ ನೀಕು?" ಈಜು ಬರುತ್ತದಾ ನಿನಗೆ ಎಂದು ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ಮೇಲೆ ಮೊದಲ ಸಲ ಕೇಳಿದಳು. ಬರುತ್ತಿರಲಿಲ್ಲ.

ಕೊನೆಗೆ ಹಗ್ಗದ ಆಸೆ ಬಿಟ್ಟು, ಕ್ಯಾನುಗಳ ಮುಚ್ಚಳ ತೆಗೆದು ಅವುಗಳಲ್ಲೇ ನೀರು ತಳ್ಳುತ್ತ ಅವರು ದಡ ಸೇರುವ ಹೊತ್ತಿಗೆ ಒಂಬತ್ತು ಗಂಟೆ. ಹಾಲು ಒಡೆದಿತ್ತು. ಸೊಣ್ಣಪ್ಪನ ಪಂಚೆ ಕೆರೆಯ ಬಣ್ಣಕ್ಕೆ ತಿರುಗಿತ್ತು. ಫೋಟೋದವನು ಮಾತ್ರ ಶ್ರದ್ಧೆಯಿಂದ ಎಲ್ಲವನ್ನೂ ತೆಗೆದಿದ್ದ.

"ಮಂಗಳೂರ್ನಾಗೆ ದಿನಕ್ಕೆ ನಾಕು ಬಿಚ್ತಿದ್ದಿದ್ದು ಏನ್ಲಾ? ಮೋಟಾರಾ, ತೆಂಗಿನಕಾಯಾ?" ಅಂದ ಸೊಣ್ಣಪ್ಪ.

ಏರಿ ಪೂರ್ತಿ ನಕ್ಕಿತು. ನಿನ್ನೆ ಗಾಜಿನ ಲೋಟ ಕೊಟ್ಟವನೂ ನಕ್ಕ. ಶ್ರೀರಾಮಪ್ಪನಿಗೆ ಗೊತ್ತಿಲ್ಲ ಎಂದು ಹೇಳಲು ಇದು ಎರಡನೆಯ ಅವಕಾಶ. ಅವನು ಗಲ್ಲ ಎತ್ತಿದ. "ನಂದೇನೂ ತಪ್ಪಿಲ್ಲ. ಒಳಗೆ ಪೂರಾ ಸುಟ್ಟು ಕರಕಲಾಗಿದೆ. ಬ್ರಹ್ಮ ಬಂದ್ರೂ ಇದಿನ್ನ ಓಡಲ್ಲ."

ನಂದೀಶನ ಮುಖ ಯಾಕೋ ಅರಳಿತು. "ಅದನ್ನ ಬರೆದು ಕೊಡ್ತೀರಾ?"

ಪಂಚಾಯಿತಿ ಕಚೇರಿಯಲ್ಲಿ ಕಾಗದ ಟೈಪಾಯಿತು. 'ಸದರಿ ಮೋಟಾರು ಸಂಪೂರ್ಣ ನಿರುಪಯುಕ್ತವಾಗಿದ್ದು ದುರಸ್ತಿಗೆ ಯೋಗ್ಯವಿರುವುದಿಲ್ಲ.' ಕೆಳಗೆ ಅವನ ಹೆಸರು, ಹೆಸರಿನ ಕೆಳಗೆ 'ತಾಂತ್ರಿಕ ತಜ್ಞರು'. ಆ ಎರಡು ಪದದ ಮೇಲೆ ಬೆರಳಾಡಿಸಿ ನೋಡಿ, ಸಹಿಯನ್ನು ಸ್ವಲ್ಪ ದೊಡ್ಡದಾಗಿಯೇ ಹಾಕಿದ. ಮನೆಗೆ ಬಂದು ಹೆಂಡತಿಗೆ ಹೇಳಿದ: "ಸರ್ಕಾರದ ಕಾಗದದಾಗೆ ನನ್ನ ತಜ್ಞ ಅಂತ ಹಾಕವ್ರೆ ಕಣೇ."

"ಯಾವುದ್ರಾಗೆ ತಜ್ಞ?" ಅಂದಳು ಕದಿರಮ್ಮ ಮುದ್ದೆ ತಿರುವುತ್ತ. "ಆಗಲ್ಲ ಅನ್ನೋದ್ರಾಗಾ?"

ವಾರದ ಮೇಲೆ ಒಂದು ಮಧ್ಯಾಹ್ನ ಮುನಿಶಾಮಮ್ಮ ಖಾಲಿ ಕ್ಯಾನಿನ ಜೊತೆ ಅಂಗಡಿಯ ಮುಂದೆ ಬಂದು ಕೂತಳು. ಹನ್ನೊಂದು ಕಿಲೋಮೀಟರ್ ನಡೆದು ಬಂದಿದ್ದಳು. ಏಳೂ ದಿನ ಹಾಗೇ ಬಂದಿದ್ದಳು, ನಾಲ್ಕು ದಿನ ತಡವಾಗಿ ಹಾಲು ಡೈರಿಯ ಬಾಗಿಲಲ್ಲೇ ಚೆಲ್ಲಿತ್ತು. ನೀರು ಕೇಳಿ ಕುಡಿದಳು. ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಮೋಟಾರನ್ನು ನೋಡಿದಳು.

"ಶ್ರೀರಾಮಾ, ಅದು ಸತ್ತೋಗೈತೆ ಅಂತ ಬರ್ಕೊಟ್ಟಿದ್ದೀಯಂತೆ."

"ಹೂಂ ಮುನಿಶಾಮಕ್ಕ."

"ಸತ್ತಿರೋದನ್ನ ಇನ್ನೊಂದ್ ಸತಿ ಬಿಚ್ಚಿದ್ರೆ ಇನ್ನೇನ್ ಸಾಯ್ತದೆ?"

ಶ್ರೀರಾಮಪ್ಪ ಮಂಗಳೂರಿನ ಮಾತೆತ್ತಲು ಹೊರಟ. ಅವಳು ಕೈ ಅಡ್ಡ ಹಿಡಿದಳು. "ಆ ಮದುವೆಗೆ ನಾನೂ ಬಂದಿದ್ನಪ್ಪ. ನಿಂಗೆ ಶುಂಠಿ ಕಷಾಯ ಕಾಸಿ ಕೊಟ್ಟವಳು ನಾನೇ."

ಅವಳು ಹೋದ ಮೇಲೆ ಅವನು ಶಟರನ್ನು ಮುಕ್ಕಾಲು ಇಳಿಸಿದ. ನೋಡುವವರು ಯಾರೂ ಇಲ್ಲದೆ ಅವನು ಆ ಮೋಟಾರನ್ನು ಮುಟ್ಟಿದ್ದು ಅದೇ ಮೊದಲು. ಒಂದು ಡ್ರಮ್ಮಿಗೆ ನೀರು ತುಂಬಿ, ಮೋಟಾರಿನ ರೆಕ್ಕೆ ಮುಳುಗುವಂತೆ ಅಂಚಿಗೆ ಬಿಗಿದು, ಹಗ್ಗ ಎಳೆದ. ಓಡಿತು. ಹಾಗಾದರೆ ಕಾಯಿಲು ಸುಟ್ಟಿಲ್ಲ. ಕಾಲು ಗಂಟೆ ಕಾದ. ಮೋಟಾರು ಮೈ ಬಿಸಿಯಾಗುತ್ತಿದ್ದಂತೆ ಟಪ್ ಎಂದು ನಿಂತಿತು. ತಕ್ಷಣ ಪ್ಲಗ್ ಬಿಚ್ಚಿ ನೋಡಿದ: ಕಿಡಿ ಇಲ್ಲ. ಕ್ಲಿಪ್ಪಿನ ಗುಂಡಿಯಿಂದ ಬರುವ ವೈರನ್ನು ಕಿತ್ತು ಮತ್ತೆ ಎಳೆದ. ನೀಲಿ ಕಿಡಿ ಚಟ್ಟನೆ ಹಾರಿತು.

ಉಳಿದದ್ದು ಕಣ್ಣಿನ ಕೆಲಸ. ಆ ಒಂದು ವೈರನ್ನು ಬೆರಳಿನಲ್ಲಿ ಸವರುತ್ತ ಹೋದ. ಸಿಲಿಂಡರಿನ ಹಿಂದೆ, ಕಾಣದ ಮಗ್ಗುಲಲ್ಲಿ, ವರ್ಷಗಳ ನಡುಕಕ್ಕೆ ಉಜ್ಜಿ ಉಜ್ಜಿ ಒಂದು ಭತ್ತದ ಕಾಳಿನಷ್ಟು ಜಾಗದಲ್ಲಿ ವೈರಿನ ಸಿಪ್ಪೆ ಹೋಗಿ ತಾಮ್ರ ಕಾಣುತ್ತಿತ್ತು. ಬಿಸಿಗೆ ವೈರು ಮೆತ್ತಗಾಗಿ ಜೋತು ಮೋಟಾರಿನ ಮೈಗೆ ತಾಗಿದರೆ, ಯಾರೋ ಕ್ಲಿಪ್ಪು ಕಿತ್ತರು ಎಂದುಕೊಂಡು ಅದು ತನ್ನ ಪಾಡಿಗೆ ನಿಂತುಬಿಡುತ್ತಿತ್ತು. ತಣ್ಣಗಾದರೆ ಮತ್ತೆ ಸರಿ. ಬೋರ್ ಮೋಟಾರಿನ ತಂತಿಗೆ ಹಾಕುವ ಸಣ್ಣ ಕೊಳವೆಯನ್ನೇ ಒಂದು ಗೇಣು ಕತ್ತರಿಸಿ ವೈರಿಗೆ ತೊಡಿಸಿದ. ಮೈಗೆ ತಾಗದಂತೆ ದೂರ ಕಟ್ಟಿದ. ಎರಡು ಗಂಟೆ ಓಡಿಸಿದ. ನಿಲ್ಲಲಿಲ್ಲ. ಶ್ರೀರಾಮಪ್ಪ ಡ್ರಮ್ಮಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮುಖಕ್ಕೆ ಚಿಮ್ಮಿದ ನೀರನ್ನು ಒರೆಸಿಕೊಂಡ.

ಮಾರನೆಯ ದಿನದಿಂದ ಶ್ರೀರಾಮಪ್ಪನೇ ದೋಣಿ ಓಡಿಸಿದ. ಉದ್ಘಾಟನೆ ಇಲ್ಲ, ಹಾರ ಇಲ್ಲ. ಬೆಳಿಗ್ಗೆ ಆರೂಕಾಲಿಗೆ ಕೋಡಿದಿನ್ನೆ ಬಿಟ್ಟು ಆರೂವರೆಗೆ ಈಚೆ. ಒಂಬತ್ತು ದಿನ ಒಂದು ಕ್ಯಾನು ಹಾಲೂ ಚೆಲ್ಲಲಿಲ್ಲ. ಕದಿರಮ್ಮ ಕೂಡ ಒಂದು ದಿನ ದೋಣಿ ಹತ್ತಿ ಹೋಗಿ ಬಂದು, "ಪರವಾಗಿಲ್ಲ" ಅಂದಳು. ಅವಳ ಬಾಯಿಯ ಆ ಮಾತಿಗೆ ಶ್ರೀರಾಮಪ್ಪ ತಜ್ಞ ಪದವಿಯನ್ನು ಬಿಟ್ಟುಕೊಡಲು ಸಿದ್ಧನಿದ್ದ.

ಹತ್ತನೆಯ ದಿನ ಜೀಪು ಬಂತು. ಜಿಲ್ಲೆಯ ಕಚೇರಿಯಿಂದ ನಂದಕಿಶೋರ್ ಎಂಬ ಎಂಜಿನಿಯರು, ಕಂಕುಳಲ್ಲಿ ಫೈಲು. ಹಿಂದೆ ನಂದೀಶ್, ಸೊಣ್ಣಪ್ಪ. ದೋಣಿ ದಡಕ್ಕೆ ಆಗ ತಾನೇ ಬಂದು ಮೋಟಾರು ಇನ್ನೂ ಗುಡುಗುಡು ಎನ್ನುತ್ತಿತ್ತು.

"ನೀವೇನಾ ತಾಂತ್ರಿಕ ತಜ್ಞರು?" ಎಂದು ನಂದಕಿಶೋರ್ ಬಹಳ ಮರ್ಯಾದೆಯಿಂದ ಕೇಳಿದ. "ನಿಮ್ಮ ವರದಿ ತುಂಬ ಸ್ಪಷ್ಟವಾಗಿದೆ. ಅದರ ಮೇಲೇ ಹೊಸ ದೋಣಿ ಮಂಜೂರಾಗಿರೋದು. ಮೇಲೆ ಚಾವಣಿ, ಒಳಗೆ ಕುಶನ್ ಸೀಟು. ಈಗ ನಾವು ಮೂರು ಜನದ ಸಮಿತಿ ಹಳೇದನ್ನ ನೋಡಿ, ಓಡಲ್ಲ ಅಂತ ದೃಢೀಕರಿಸಿ, ತಗೊಂಡು ಹೋಗಬೇಕು."

"ಓಡ್ತಾ ಐತಲ್ಲ ಸ್ವಾಮಿ," ಅಂದ ಶ್ರೀರಾಮಪ್ಪ.

"ಏನು?" ಮೋಟಾರಿನ ಸದ್ದಿಗೆ ಎಂಜಿನಿಯರಿಗೆ ಕೇಳಿಸಲಿಲ್ಲ.

"ಓಡ್ತಾ ಐತೆ!" ಎಂದು ಕಿರುಚಿದ. "ನಾನೇ ತಪ್ಪು ಬರ್ಕೊಟ್ಟಿದ್ದೆ. ಒಂದು ವೈರು ಉಜ್ಜೋಗಿತ್ತು, ಅಷ್ಟೇ. ನಂಗೆ ಆವತ್ತು ಗೊತ್ತಿರ್ಲಿಲ್ಲ!"

ಗೊತ್ತಿರಲಿಲ್ಲ ಎಂಬ ಮಾತನ್ನು ಅವನು ಊರಿನ ಮುಂದೆ ಆಡಿದ್ದು ಜೀವಮಾನದಲ್ಲಿ ಅದೊಂದೇ ಸಲ. ಸೊಣ್ಣಪ್ಪ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಸುಮ್ನಿರೋ ಲೇ. ಹಳೇದು ಓಡ್ತದೆ ಅಂದ್ರೆ ಹೊಸದು ವಾಪಸ್ ಹೋಗ್ತದೆ."

"ಹೊಸದು ಯಾವಾಗ್ ಬರ್ತದೆ?"

"ಬರ್ತದೆ."

"ಅಲ್ಲೀಗಂಟ?"

ಸೊಣ್ಣಪ್ಪ ಆಕಾಶ ನೋಡಿದ. ನಂದಕಿಶೋರ್ ಜೀಪಿನ ಮೂತಿಯ ಮೇಲೆ ಫೈಲು ಬಿಚ್ಚಿ, ಮೋಟಾರಿನ ಗದ್ದಲದಲ್ಲಿ ದನಿ ಏರಿಸಿ ಹೇಳುತ್ತಿದ್ದ, ನಂದೀಶ್ ಬರೆದುಕೊಳ್ಳುತ್ತಿದ್ದ: "ಸಮಿತಿಯು ಸ್ಥಳ ಪರಿಶೀಲನೆ ಮಾಡಲಾಗಿ... ಸದರಿ ಮೋಟಾರು... ಓಡುತ್ತಿರುವುದಿಲ್ಲ! ಕೇಳಿಸ್ತಾ? ಓಡುತ್ತಿರುವುದಿಲ್ಲ!"

"ಏನ್ಸಾರ್? ಓಡುತ್ತಿರುವು...?"

"ದಿಲ್ಲ! ಇಲ್ಲ ಅಂತ ಬರೀರಿ! ರೀ ತಜ್ಞರೇ, ಮೊದಲು ಆ ಮೋಟಾರು ನಿಲ್ಲಿಸ್ರೀ, ಏನೂ ಕೇಳಿಸ್ತಿಲ್ಲ!"

ಶ್ರೀರಾಮಪ್ಪ ದೋಣಿಯ ಅಂಚಿನಲ್ಲಿ ಎರಡು ಕೈ ಕಟ್ಟಿ ನಿಂತ. ಏರಿಯ ಮೇಲೆ ಊರು ಸೇರಿತ್ತು.

"ಓಡ್ತಾ ಇಲ್ಲ ಅಂತ ಬರೆದಿದ್ದೀರಲ್ಲ ಸ್ವಾಮಿ. ಓಡ್ದೇ ಇರೋದನ್ನ ನಾನ್ ಹೆಂಗೆ ನಿಲ್ಸ್ಲಿ?"

ಏರಿ ಬಿದ್ದು ಬಿದ್ದು ನಕ್ಕಿತು. ಸಿಳ್ಳೆ ಬಿದ್ದವು. ಕದಿರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಹೆಮ್ಮೆಯೇ ಇರಬೇಕು. ಒಂದು ಕ್ಷಣ ಶ್ರೀರಾಮಪ್ಪನಿಗೆ ಸರ್ಕಾರವನ್ನೇ ಗೆದ್ದಷ್ಟು ಸುಖವಾಯಿತು.

ನಂದಕಿಶೋರನೂ ನಕ್ಕ. ಒಳ್ಳೆಯ ಮಾತನ್ನು ಮೆಚ್ಚುವ ಮನುಷ್ಯ ಅವನು. ನಗು ಮುಗಿಸಿ ಕನ್ನಡಕ ಒರೆಸಿಕೊಂಡು ನಂದೀಶನ ಕಡೆ ತಿರುಗಿದ. "ಇದನ್ನೂ ಸೇರಿಸಿ. ಸದರಿ ಮೋಟಾರನ್ನು ನಿಲ್ಲಿಸಲು ಸಾಧ್ಯವಿರುವುದಿಲ್ಲವೆಂದು ತಾಂತ್ರಿಕ ತಜ್ಞರು ಸಮಿತಿಯ ಸಮಕ್ಷಮ ತಿಳಿಸಿರುತ್ತಾರೆ. ಸಾರ್ವಜನಿಕರಿಗೆ ಅಪಾಯಕಾರಿ. ತಕ್ಷಣ ತೆರವುಗೊಳಿಸತಕ್ಕದ್ದು."

ಬರೆದು ಮುಗಿಯಿತು. ಮೂವರೂ ಸಹಿ ಹಾಕಿದರು. ನಂದೀಶ್ ಹೋಗಿ ಕೆಂಪು ದಾರವನ್ನು ಎಳೆದ. ಕೆರೆ ಇದ್ದಕ್ಕಿದ್ದಂತೆ ಎಷ್ಟು ನಿಶ್ಶಬ್ದವಾಯಿತೆಂದರೆ ಆಚೆ ದಡದಲ್ಲಿ ಹಸುವೊಂದು ಕೂಗಿದ್ದು ಎಲ್ಲರಿಗೂ ಕೇಳಿಸಿತು. ಸಂಜೆಯೊಳಗೆ ಲಾರಿ ಬಂದು ದೋಣಿ, ಮೋಟಾರು ಎರಡನ್ನೂ ಹೇರಿಕೊಂಡು ಹೋಯಿತು.

ಅವತ್ತು ನಕ್ಕವರೇ ಮಾರನೆಯ ದಿನ ಟೀ ಅಂಗಡಿಯಲ್ಲಿ, ಶ್ರೀರಾಮಪ್ಪ ಆ ಒಂದು ಮಾತು ಆಡದೇ ಇದ್ದಿದ್ದರೆ ದೋಣಿ ಉಳಿಯುತ್ತಿತ್ತು ಎಂದು ತೀರ್ಪು ಕೊಟ್ಟರು. ಅಪಾಯಕಾರಿ ಅಂತ ಬರೆಸಿಕೊಟ್ಟವನು ಇವನೇ, ದೊಡ್ಡ ತಜ್ಞ ಎಂದರು. ಸೊಣ್ಣಪ್ಪನೂ ಹೌದು ಎಂದ. ಹೊಸ ದೋಣಿಯ ಸುದ್ದಿ ತಿಂಗಳಿಗೊಮ್ಮೆ ಬರುತ್ತಿತ್ತು, ದೋಣಿ ಬರಲಿಲ್ಲ.

ದೋಣಿ ಹೋದ ಮೇಲೆ ಶ್ರೀರಾಮಪ್ಪ ಮೂರು ದಿನ ಅಂಗಡಿ ತೆಗೆಯಲಿಲ್ಲ. ನಾಲ್ಕನೆಯ ಬೆಳಿಗ್ಗೆ ಐದಕ್ಕೆ ಎದ್ದು, ಸುತ್ತು ದಾರಿಯಲ್ಲಿ ನಡೆಯುತ್ತ ಹೋದ. ಐದು ಕಿಲೋಮೀಟರಿನ ಹತ್ತಿರ ಹುಣಸೆಮರದ ತಿರುವಿನಲ್ಲಿ ಮುನಿಶಾಮಮ್ಮ ಎದುರಾದಳು. ತಲೆಯ ಮೇಲೆ ಕ್ಯಾನು, ಹಿಂದೆ ಕೋಡಿದಿನ್ನೆಯ ಇನ್ನೂ ಏಳೆಂಟು ಹೆಂಗಸರು. ಅವನು ದಾರಿಗಡ್ಡ ನಿಂತು, ಏನೋ ಹೇಳಬೇಕೆಂದು ಬಾಯಿ ತೆರೆದ.

"ಅವತ್ತು ಮಾತು ಚೆನ್ನಾಗಿ ಆಡ್ದೆ ಕಣಪ್ಪ," ಅಂದಳು. "ನಾನೂ ನಕ್ಕೆ."

ಕ್ಯಾನು ಇಳಿಸಿ ಅವನ ತಲೆಯ ಮೇಲಿಟ್ಟಳು.

"ಈಗ ಹೊರು."